ತಪ್ಪುಕಾಣಿಕೆ

ಜುಲೈ 29, 1956. ಭಾನುವಾರ. ಸಂಜೆ ಆರೂವರೆ.

ಬೆಳಗಿನಿಂದ ಮೆಣಸು ಕುಟ್ಟಿದ್ದು. ಮಧ್ಯಾಹ್ನ ನಳದಲ್ಲಿ ನೀರಿಲ್ಲ. ಹೊರಗೆ ಇಷ್ಟು ಮಳೆ, ನಳದಲ್ಲಿ ಹನಿ ಇಲ್ಲ. ಕೈ ಇನ್ನೂ ಉರಿಯುತ್ತಿದೆ.

ತಮ್ಮ ದೂಜ ಮಲಾಡಿನ ನನ್ನ ಖೋಲಿಗೆ ಬಂದು ಊಟ ಮಾಡಿ ಹೋದ. ನಾಳೆ ಅವನಿಗೆ ಬೆಳಗಿನ ಪಾಳಿ. ಆ ಪಾಳಿಯವರು ಅಂಧೇರಿಯಲ್ಲಿ ಹೋಟೆಲಿನ ಅಟ್ಟದಲ್ಲೇ ಮಲಗಬೇಕು — ಬೆಳಕು ಹರಿಯುವ ಮೊದಲೇ ಭಟ್ಟಿ ಹೊತ್ತಿಸಬೇಕಲ್ಲ. ಹೋದ ವರ್ಷ ಮಳೆಗಾಲದ ಕೊನೆಗೆ ನಮ್ಮ ಮನೆಯವರು ಮಲಗಿದ್ದೂ ಅದೇ ಅಟ್ಟದಲ್ಲಿ. ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿದ್ದರಂತೆ. ಕೆಳಗೆ ಇದ್ದಲು ಪೂರ್ತಿ ಆರಿರಲಿಲ್ಲ. ಹೊಗೆ... ಎಬ್ಬಿಸಿದರೆ ಏಳಲಿಲ್ಲ.

"ಕಿಟಕಿ ತೆರೆದು ಮಲಗು" ಅಂದೆ.

"ತೆರೆದರೆ ಮಳೆಗೆ ಚಾಪೆ ಚಂಡಿ, ಮುಚ್ಚಿದರೆ ಭಾವ ಕರೆಯುತ್ತಾರೆ. ಎಂತ ಮಾಡುವುದು ಹೇಳು ಅಕ್ಕ" ಅಂತ ನಕ್ಕ. ನನಗೆ ನಗು ಬರಲಿಲ್ಲ.

ಬರುವ ಹನ್ನೆರಡನೇ ತಾರೀಖು ಹೋಟೆಲ್ ಕೆಲಸಗಾರರ ಸಂಘದ ಅಧ್ಯಕ್ಷರ ಚುನಾವಣೆ. ಇವರ ಗೆಳೆಯ ರಮಾನಾಥಣ್ಣ ನಿಂತಿದ್ದಾರೆ. ಗೆದ್ದರೆ ಮೊದಲ ಕೆಲಸ ಅಟ್ಟಕ್ಕೆ ಬೀಗ, ಮಲಗಲು ಬೇರೆ ಖೋಲಿ. ಧಣಿಗಳು ಒಪ್ಪದಿದ್ದರೆ ಒಂದು ಭಟ್ಟಿಯೂ ಹೊತ್ತುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದ್ದಾರೆ. ಎದುರಿಗೆ ಪೂವಪ್ಪ, ಧಣಿಗಳ ಮನುಷ್ಯ. ಅಟ್ಟಕ್ಕೆ ಎಂತ ಆಗಿದೆ, ಅಂತ ಕೇಳುತ್ತಾನಂತೆ.

ರಮಾನಾಥಣ್ಣನೇ ಗೆಲ್ಲುವುದು ಎನ್ನುತ್ತಾರೆ ಎಲ್ಲರೂ.

ಆಗಸ್ಟ್ 2. ಗುರುವಾರ.

ಆಟಿ ತಿಂಗಳು. ಊರಿನಲ್ಲಾದರೆ ಸತ್ತವರಿಗೆ ಎಲೆ ಹಾಕಿ ಬಡಿಸುವ ಕಾಲ. ಇವರಿಗೆ ಇದು ಮೊದಲ ಆಟಿ. ಕೋಳಿ, ರೊಟ್ಟಿ ಹೇಗೂ ಆದೀತು. ಕಳ್ಳು? ಎಲೆಯ ಬದಿಯಲ್ಲಿ ಒಂದು ಲೋಟ ಕಳ್ಳು ಇಡದೆ ಇವರಿಗೆ ಬಡಿಸಿದರೆ ಅದೆಂಥ ಊಟ! ಬೊಂಬಾಯಿಯಲ್ಲಿ ದಾರೂಬಂದಿ. ಸಿಕ್ಕಿದರೆ ಜೈಲು.

ಪಕ್ಕದ ಖೋಲಿಯ ಅಕ್ಕು ಹೇಳಿದಳು — "ಬದುಕಿದವರಿಗೇ ಸಿಗುವುದಿಲ್ಲ ಮಾರಾಯ್ತಿ, ಸತ್ತವರಿಗೆ ಎಲ್ಲಿಂದ? ಹೋಗಿ ಕೇಳು, ಸರಕಾರ ಅವರಿಗೂ ಪರ್ಮಿಟ್ ಕೊಡುತ್ತದಾ ಅಂತ."

ಮತ ಕೇಳಲಿಕ್ಕೆ ಚಾಳಿಗೆ ಬಂದಿದ್ದ ರಮಾನಾಥಣ್ಣ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಮಾರ್ವೆ ಕಡೆ ಕಳ್ಳು ಇಳಿಸುವವ ಒಬ್ಬ ಇದ್ದಾನೆ. ನಾನು ತರುತ್ತೇನೆ ಅತ್ತಿಗೆ. ಐತಣ್ಣನ ಎಲೆ ಅರೆಬರೆ ಆಗುವುದು ಬೇಡ."

ಬೇಡ, ಚುನಾವಣೆ ಎದುರಿಗುಂಟು ಅಂದೆ. ಒಂದೇ ಸಲ ಅಂದೆ.

ಆಗಸ್ಟ್ 4. ಶನಿವಾರ.

ರಮಾನಾಥಣ್ಣನನ್ನು ಹಿಡಿದರು. ಸ್ಟೇಷನ್ ರಸ್ತೆಯಲ್ಲಿ, ಕೈಚೀಲದಲ್ಲಿ ಶೀಸೆ.

ದೂಜ ಓಡುತ್ತಾ ಬಂದು ಹೇಳಿದ. ಯಾರಿಗೆ ತಂದದ್ದು ಎಂದು ಪೊಲೀಸರು ಕೇಳಿದರೆ "ನನಗೇ" ಅಂದರಂತೆ. ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ.

ಇವರಿಗೆ ಬಡಿಸಲೆಂದು ತಂದ ಬಾಳೆ ಎಲೆ ಮೂಲೆಯಲ್ಲಿದೆ. ಅದನ್ನು ನೋಡಲು ಆಗುತ್ತಿಲ್ಲ.

ಆಗಸ್ಟ್ 6. ಸೋಮವಾರ. ಅಮಾವಾಸ್ಯೆ.

ಕೋರ್ಟಿಗೆ ಹೋಗಿದ್ದೆ, ದೂಜನ ಜೊತೆ. ಶೀಸೆ ನನ್ನ ಗಂಡನ ಎಲೆಗೆ ಎಂದು ಮ್ಯಾಜಿಸ್ಟ್ರೇಟ್ ಸಾಹೇಬರಿಗೆ ಹೇಳಬೇಕು ಅಂತಲೇ ಹೋದದ್ದು. ದಾರಿಯುದ್ದಕ್ಕೂ ಹಿಂದಿಯಲ್ಲಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ.

ರಮಾನಾಥಣ್ಣ ಜಗಲಿಯಲ್ಲೇ ತಡೆದರು. "ನೀವು ಬಾಯಿ ಬಿಡಬೇಡಿ ಅತ್ತಿಗೆ. ಗಂಡ ಸತ್ತವಳ ಖೋಲಿಗೆ ಶೀಸೆ ಒಯ್ಯುತ್ತಿದ್ದ ಅಂತ ಆದರೆ ಪೂವಪ್ಪನಿಗೆ ದೀಪಾವಳಿ."

ಹವಾಲ್ದಾರ ಒಳ್ಳೆಯವನ ಹಾಗೆಯೇ ಹೇಳಿದ — "ಕಬೂಲ್ ಕರ್, ದಂಡ್ ಭರ್, ಘರ್ ಜಾ. ನಹೀಂ ತೋ ತಾರೀಖ್ ಪೇ ತಾರೀಖ್." ತಪ್ಪು ಒಪ್ಪಿ ದಂಡ ಕಟ್ಟಿದರೆ ಇವತ್ತೇ ಮನೆಗೆ; ವಿಚಾರಣೆಗೆ ಮುಂದಿನ ತಾರೀಖು ಬಿದ್ದರೆ ಚುನಾವಣೆ ದಾಟುತ್ತದೆ. ರಮಾನಾಥಣ್ಣ ನಮ್ಮ ಮುಖ ನೋಡಿದರು. ಒಪ್ಪಿ ಮುಗಿಸಿಬಿಡಿ ಎಂದ ದೂಜ. ನಾನೂ ಅದನ್ನೇ ಹೇಳಿದೆ. ಊರಿನಲ್ಲಿ ತಪ್ಪಾದರೆ ದೈವದ ಮುಂದೆ ತಪ್ಪುಕಾಣಿಕೆ ಹಾಕಿ ಕೈಮುಗಿಯುತ್ತೇವೆ. ಆಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಎತ್ತಿದವನದೇ ತಪ್ಪು. ಇದೂ ಹಾಗೆಯೇ ಅಂದುಕೊಂಡೆವು.

ಒಪ್ಪಿದರು. ದಂಡ. ಮತ್ತೆ, ಕೋರ್ಟು ಏಳುವ ತನಕ ಕೈದು. ಕೈದು ಅಂದರೆ ಆ ದಿನದ ಕೋರ್ಟು ಮುಗಿಯುವವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿರುವುದು. ಸಂಜೆ ಹೊರಗೆ ಬಂದು ರಮಾನಾಥಣ್ಣ ನಕ್ಕರು. "ಜೈಲು ಅಂದರೆ ಇಷ್ಟೆಯಾ? ನಮ್ಮ ಅಟ್ಟಕ್ಕಿಂತ ಒಳ್ಳೆಯ ಗಾಳಿ ಉಂಟು."

ಮನೆಗೆ ಬಂದು ಎಲೆ ಹಾಕಿದೆ. ಕಳ್ಳಿನ ಜಾಗದಲ್ಲಿ ಚಹಾ ಇಟ್ಟೆ. ಬಾಗಿಲು ಮುಚ್ಚಿ ಮೂವರೂ ಗ್ಯಾಲರಿಯಲ್ಲಿ ನಿಂತೆವು, ಇವರು ಉಂಡು ಏಳಲಿ ಎಂದು. ತೆರೆದಾಗ ಚಹಾ ತಣ್ಣಗಾಗಿತ್ತು.

ಆಗಸ್ಟ್ 9. ಗುರುವಾರ.

ಪೂವಪ್ಪ ಸಂಘಕ್ಕೆ ತಕರಾರು ಕೊಟ್ಟಿದ್ದಾನೆ. ಕೈದಿನ ಶಿಕ್ಷೆಯಾದವನು ಅಧ್ಯಕ್ಷನಾಗುವಂತಿಲ್ಲ ಎಂದು ಸಂಘದ ನಿಯಮವಿದೆಯಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆಫೀಸಿನಲ್ಲಿ ಜಗಳವಾಯಿತು ಎಂದ ದೂಜ.

"ಬೆಂಚಿನ ಮೇಲೆ ಕೂತದ್ದು ಜೈಲಾ?" ಎಂದರಂತೆ ರಮಾನಾಥಣ್ಣ.

"ಕಾಗದದಲ್ಲಿ ಹಾಗೆ ಉಂಟಲ್ಲ" ಎಂದನಂತೆ ಪೂವಪ್ಪ.

"ತಪ್ಪುಕಾಣಿಕೆ ಹಾಕಿ ಆಯಿತು. ನೀನೂ ನಮ್ಮ ಊರಿನವನೇ. ಆದ ಮೇಲೆ ಎತ್ತಲಿಕ್ಕೆ ಉಂಟಾ?"

"ಮ್ಯಾಜಿಸ್ಟ್ರೇಟ್ ಸಾಹೇಬರು ದೈವ ಅಲ್ಲ ರಮಾನಾಥ."

ಪಟ್ಟಿಯಿಂದ ರಮಾನಾಥಣ್ಣನ ಹೆಸರು ಹೊಡೆದುಹಾಕಿದರು. ಇನ್ನೊಬ್ಬರನ್ನು ನಿಲ್ಲಿಸಲು ವಾಯಿದೆ ಮುಗಿದಿದೆ.

ತಾರೀಖು ಬೀಳಲಿ ಬಿಡಿ ಎಂದು ಅವತ್ತು ಹೇಳಿದ್ದರೆ... ಕೇಸು ನಡೆಯುತ್ತಿತ್ತು, ಚುನಾವಣೆಯೂ ನಡೆಯುತ್ತಿತ್ತು. ಶಿಕ್ಷೆ ಆಗಿರುತ್ತಿರಲಿಲ್ಲ.

ಆಗಸ್ಟ್ 12. ಭಾನುವಾರ. ಸಂಜೆ.

ಅಂಧೇರಿಯ ಶಾಲೆಯಲ್ಲಿ ಚುನಾವಣೆ. ಪೂವಪ್ಪ ಒಬ್ಬನೇ ಉಳಿದರೂ ಚೀಟಿ ಹಾಕಿಸಲೇಬೇಕಂತೆ. ನನಗೆ ಮತವಿಲ್ಲ. ಮತವಿದ್ದದ್ದು ಇವರಿಗೆ. ಕಿಟಕಿಯ ಹೊರಗೆ ಕೊಡೆ ಹಿಡಿದು ನಿಂತಿದ್ದೆ.

ತುಂಬ ಜನ ಚೀಟಿಯಲ್ಲಿ ರಮಾನಾಥಣ್ಣನ ಹೆಸರನ್ನೇ ಬರೆದಿದ್ದರು. ಅದು ಲೆಕ್ಕಕ್ಕಿಲ್ಲ ಎಂದು ಒಂದೊಂದನ್ನೇ ಪಕ್ಕಕ್ಕೆ ಇಟ್ಟರು. ಕೊನೆಗೆ ಮೇಜಿನ ಮೇಲೆ ಎರಡು ಗುಡ್ಡೆ. ಪಕ್ಕಕ್ಕೆ ಇಟ್ಟದ್ದೇ ದೊಡ್ಡದು. ಸಣ್ಣ ಗುಡ್ಡೆಯವನಿಗೆ ಮಾಲೆ ಹಾಕಿದರು.

ಹೊರಗೆ ಬಂದ ಪೂವಪ್ಪನನ್ನು ನಾನೇ ಮಾತಾಡಿಸಿದೆ. "ಅಟ್ಟ?"

ಮಾಲೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಐತನ ಮೇಲೆ ನನಗೂ ಪ್ರೀತಿ ಇತ್ತು ಅಕ್ಕ. ಮಳೆಗಾಲ ಕಳೆಯಲಿ, ಧಣಿಗಳ ಹತ್ತಿರ ಮಾತಾಡುವ."

ಮಳೆಗಾಲ ಕಳೆದ ಮೇಲೆ ಕಿಟಕಿ ಯಾರು ಮುಚ್ಚುತ್ತಾರೆ?

ರಮಾನಾಥಣ್ಣ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ಐತಣ್ಣನಿಗೆ ಅರೆಬರೆ ಆಯಿತಲ್ಲ ಅತ್ತಿಗೆ" ಅಂದರು.

ಕೆಲಸ ಬಿಡು ಅಂದೆ ದೂಜನಿಗೆ. "ಬಿಟ್ಟು ಇನ್ನೊಂದು ಹೋಟೆಲು ಸೇರಬೇಕು. ಅಲ್ಲಿಯೂ ಅಟ್ಟವೇ ಅಕ್ಕ" ಅಂದ. ಇವತ್ತು ನಗಲಿಲ್ಲ. ಚಾಪೆ ಸುತ್ತಿಕೊಂಡು ಹೋದ.

ಮಳೆ ಜೋರಾಗಿದೆ. ಗಾಳಿ ಪಶ್ಚಿಮದಿಂದ, ಅಟ್ಟದ ಕಿಟಕಿ ಮುಖ ಮಾಡಿರುವ ಕಡೆಯಿಂದ.

ನಾಳೆ ದೂಜನಿಗೆ ಬೆಳಗಿನ ಪಾಳಿ.