ನಿಂಬೆ ಗಿಡದ ಹುಳಗಳು

ಮಗಳೇ,

ನಿನಗೆ ಮತ್ತೆ ಮದುವೆ ಗೊತ್ತಾದ ಸುದ್ದಿ ನಿಮ್ಮಪ್ಪ ತಿಳಿಸಿದರು. ಸಂತೋಷವಾಯಿತು.

ಚಿಟ್ಟೆಗಳು ಬರಲೆಂದು ನೀವಿಬ್ಬರೂ ಹಿತ್ತಲಲ್ಲಿ ನೆಟ್ಟ ಗಿಡಗಳಿಗೆ, ನಮ್ಮ ಮಗ ತೀರಿಕೊಂಡ ಮೇಲೆ ನಾನೇ ನೀರು ಹಾಕುತ್ತಿದ್ದೇನೆ. ನಿಂಬೆ ಗಿಡಕ್ಕೆ ಹುಳ ಬಿದ್ದಾಗ ನಿಮ್ಮತ್ತೆ ಔಷಧಿ ಹೊಡೆಯಲು ಹೋದಳು. "ಅವು ಬರ್ಲಿ ಅಂತಾನೇ ಅಲ್ವೇನೇ ಅವನು ನೆಟ್ಟಿದ್ದು?" ಎಂದೆ. ಔಷಧಿಯ ಡಬ್ಬಿ ಕೆಳಗಿಟ್ಟಳು.

ಅವನು ಹೋದ ಮೇಲೂ ಅವಳು ಒಗೆದು ಒಣಹಾಕುತ್ತಿದ್ದ ಅವನ ಅಂಗಿಯ ತೋಳಿಗೇ ಒಂದು ಹುಳ ಗೂಡು ಕಟ್ಟಿತು. ಮಳೆ ಬಂದರೆ ಕೊಡೆ ಹಿಡಿದು ನಿಲ್ಲುತ್ತಿದ್ದಳು. ಮೊನ್ನೆ ಅದು ಚಿಟ್ಟೆಯಾಗಿ ಹಾರಿಹೋಯಿತು. ಅಂಗಿಯನ್ನು ಮಡಚಿ ಒಳಗಿಟ್ಟಳು, ಮತ್ತೆ ಹೊರತೆಗೆದಿಲ್ಲ.

ಮದುವೆಗೆ ನಾವು ಬರುವುದಿಲ್ಲ. ನಮ್ಮನ್ನು ಕಂಡು ನೀನು ಅಂದು ಅಳಬಾರದು. ಹೊಸ ಮನೆಯಲ್ಲಿ ಬಿಸಿಲು ಬೀಳುವ ಜಾಗವಿದ್ದರೆ ತಿಳಿಸು, ಒಂದು ಸಸಿ ಕಳಿಸುತ್ತೇನೆ. ಯಾರು ಕೊಟ್ಟಿದ್ದೆಂದು ಅಲ್ಲಿ ಹೇಳಬೇಕಾಗಿಲ್ಲ.

ನಿನ್ನ ಒಳಿತು ಬಯಸುವ,
ಮಾವ