ಅರ್ಧ ಒರೆಸಿದ ಮೋಡ

ಸ್ಟುಡಿಯೋದ ಹಿಂದಿನ ಕೋಣೆ
ಮಾರ್ಚ್ ೯, ಭಾನುವಾರ

ರೀ,

‘ಪ್ರಿಯರೇ’ ಎಂದು ಬರೆದರೆ ನೀವು ಬೆಚ್ಚಿಬೀಳುತ್ತೀರಿ, ‘ಶ್ರೀಯುತರೇ’ ಎಂದರೆ ಬ್ಯಾಂಕಿನವರು ಬರೆದಂತಾಗುತ್ತದೆ. ಮದುವೆಯಾದ ಮೇಲೆ ನಾನು ನಿಮ್ಮನ್ನು ಕರೆದದ್ದೆಲ್ಲ ಈ ಒಂದೇ ಅಕ್ಷರದಿಂದ. ನೀವು ನಿಮ್ಮ ಅಕ್ಕನ ಊರಿಗೆ ಹೋದ ಮೇಲೆ ಬಾಯಿಗೆ ಅದರ ಬಳಕೆ ತಪ್ಪಿದೆ, ಕಾಗದದ ಮೇಲಾದರೂ ಇರಲಿ.

ಅಕ್ಕನವರ ಮೊಣಕಾಲು ಹೇಗಿದೆ? ಅಲ್ಲಿ ನಿಮಗೆ ಒಳ್ಳೆಯ ತಾರಸಿ ಸಿಕ್ಕಿದೆ ಎಂದು ಮಗಳು ಹೇಳಿದಳು. ದೂರದರ್ಶಕ ಮಾತ್ರ ಇನ್ನೂ ಪೆಟ್ಟಿಗೆ ಬಿಟ್ಟು ಎದ್ದಿಲ್ಲ ಎಂದೂ ಹೇಳಿದಳು. ‘ಕಾಗದ ಯಾಕಮ್ಮಾ, ಫೋನ್ ಮಾಡೋಕೇನು ಕಷ್ಟ?’ ಅಂತ ನನಗೇ ಬೈದಳು. ಕಷ್ಟವೇನಿಲ್ಲ. ಫೋನಿನಲ್ಲಿ ನೀವು ‘ಹೂಂ’ ಅನ್ನುತ್ತೀರಿ, ನಾನು ‘ಸರಿ’ ಅನ್ನುತ್ತೇನೆ, ಅಲ್ಲಿಗೆ ಮಂಗಳ ಹಾಡಿದಂತೆ.

ವಿಷಯಕ್ಕೆ ಬರುತ್ತೇನೆ. ನಮ್ಮ ತಾರಸಿಯಿಂದ, ನಿಮ್ಮ ಕನ್ನಡಿ ದೂರದರ್ಶಕಕ್ಕೆ ಹಸಿರು ಫಿಲ್ಟರ್ ಹಾಕಿ ತೆಗೆದಿದ್ದ ಸುರುಳಿ ಗ್ಯಾಲಕ್ಸಿಯ ಚಿತ್ರಗಳು ನಿಮ್ಮ ಡಿಸ್ಕಿನಲ್ಲಿವೆ. ಅವುಗಳ ಮೂಲ ಪ್ರತಿ ನನಗೆ ಬೇಕು. ಸ್ಟುಡಿಯೋ ಗೋಡೆಯ ಮೇಲೆ ಹಾಕಿದ್ದೀರಲ್ಲ, ಹಿನ್ನೆಲೆಯೆಲ್ಲ ಮಖಮಲ್ಲಿನ ಹಾಗೆ ಕಪ್ಪಗಿರುವ ಚಿತ್ರ, ಅದಲ್ಲ. ಕ್ಯಾಮೆರಾದಿಂದ ಹೇಗೆ ಬಂದವೋ ಹಾಗೆ, ಮುಖ ತೊಳೆಯದವು.

ಯಾಕೆಂದರೆ ಆ ಗ್ಯಾಲಕ್ಸಿಯ ಪಕ್ಕದಲ್ಲಿ ಒಂದು ಮೋಡವಿದೆ, ಮಳೆಯದ್ದಲ್ಲ, ಹೊಳೆಯುವ ಅನಿಲದ್ದು. ಇದೆ ಎಂದು ಹೇಳುತ್ತಿರುವವಳು ಸದ್ಯಕ್ಕೆ ನಾನೊಬ್ಬಳೇ.

ಹೋಗುವಾಗ ನೀವು ದೂರದರ್ಶಕ ಒಯ್ದಿರಿ, ಫಿಲ್ಟರ್ ಇಲ್ಲೇ ಬಿಟ್ಟಿರಿ. ಆಸ್ತಿ ಪಾಲಾದದ್ದು ಹಾಗೆ: ಕಣ್ಣು ನಿಮಗೆ, ಕನ್ನಡಕ ನನಗೆ. ಕೆಲವು ತಿಂಗಳು ಫಿಲ್ಟರನ್ನು ಬೀರುವಿನಲ್ಲಿಟ್ಟು ಅದರ ಮುಖ ನೋಡಲಿಲ್ಲ. ಆಮೇಲೆ ಲೆನ್ಸಿನದೊಂದು ಪುಟ್ಟ ದೂರದರ್ಶಕ ಕೊಂಡೆ. ಎರಡು ಚಳಿಗಾಲ ಆ ಒಂದೇ ಗ್ಯಾಲಕ್ಸಿಯ ಚಿತ್ರ ತೆಗೆದೆ. ಬೇರೆ ಯಾವುದನ್ನೂ ಹುಡುಕುವುದು ಹೇಗೆಂದು ಗೊತ್ತಿರಲಿಲ್ಲ, ಇದನ್ನಾದರೆ ನೀವು ತೋರಿಸಿಕೊಟ್ಟಿದ್ದಿರಿ.

ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿದಾಗ ಒಂದು ಮೂಲೆಯಲ್ಲಿ ಮಸುಕು ಕಾಣಿಸಿತು. ನಾನೇನು ಮಾಡಿದೆ ಹೇಳಿ ನೋಡೋಣ. ಕಂಪ್ಯೂಟರಿನಲ್ಲಿ ಅದನ್ನು ಒರೆಸಲು ಕೂತೆ. ಬೆಳಗಿನಿಂದ ಸಂಜೆಯವರೆಗೆ ಜನರ ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಗಲ್ಲದ ಗಾಯ ಎಲ್ಲ ಅಳಿಸಿ ಅನ್ನ ತಿಂದವರು ನಾವು. ‘ನಕ್ಕರೆ ನಕ್ಷತ್ರ, ನಗದಿದ್ದರೂ ಭಾವಚಿತ್ರ’ ಎಂದು ಬೋರ್ಡು ಬರೆಸಿದವಳು ನಾನು, ನಗದವರ ತುಟಿಯ ತುದಿಯನ್ನು ಒಂದೆಳೆ ಮೇಲೆತ್ತಿ ಕಳಿಸುತ್ತಿದ್ದವರು ನೀವು. ಆಕಾಶಕ್ಕೂ ಅದೇ ಸೇವೆ. ಮೊದಲ ಚಳಿಗಾಲದ ಚಿತ್ರದಲ್ಲಿ ನಾನು ಅದೇ ಮಸುಕನ್ನು ಅದೇ ಕುಂಚದಿಂದ ಒರೆಸಿ ಹಾಕಿದ್ದೆ ಎಂಬುದು ಆಮೇಲೆ ತಿಳಿಯಿತು.

ಈ ಸಲ ಮಾತ್ರ ನಮ್ಮ ಕಂಪ್ಯೂಟರ್ ಮುನಿಸಿಕೊಂಡಿತು. ನಿಮಗೆ ಗೊತ್ತಲ್ಲ ಅದರ ಸ್ವಭಾವ, ಸೋದರತ್ತೆಯ ಹಾಗೆ, ಯಾವಾಗ ಮೂತಿ ತಿರುಗಿಸುತ್ತದೋ ಹೇಳಲಾಗದು. ಅರ್ಧ ಒರೆಸಿದ್ದೆ, ಅಷ್ಟರಲ್ಲಿ ಪರದೆ ಇದ್ದ ಹಾಗೇ ನಿಂತುಬಿಟ್ಟಿತು. ಅದರ ಪಾಡಿಗೆ ಅದನ್ನು ಬಿಟ್ಟು ಚಹಾ ಮಾಡಿಕೊಂಡು ಬಂದೆ. ಬಾಗಿಲಲ್ಲಿ ನಿಂತು ನೋಡಿದರೆ ಪರದೆಯ ಮೇಲೆ ಒರೆಸಿದ ಜಾಗ ಕಪ್ಪು, ಒರೆಸದ ಜಾಗದಲ್ಲಿ ಕುಡುಗೋಲಿನ ತುದಿಯಂಥ ಒಂದು ಬಾಗು. ಪೂರ್ತಿ ಇದ್ದಾಗ ಕೊಳೆಯಂತೆ ಕಂಡಿದ್ದು, ಅರ್ಧ ಹೋದ ಮೇಲೆ ಆಕಾರ ಪಡೆದಿತ್ತು. ಚಹಾ ಆರಿತು.

ಮೂಲ ಚಿತ್ರಗಳನ್ನು ಮತ್ತೆ ಕೂಡಿಸಿದೆ. ಎರಡನೆಯ ಚಳಿಗಾಲದಲ್ಲಿ ಕ್ಯಾಮೆರಾವನ್ನು ಅಡ್ಡ ತಿರುಗಿಸಿ ಕೂರಿಸಿದ್ದೆ. ಕ್ಯಾಮೆರಾದ ಧೂಳಾಗಿದ್ದರೆ ಅದು ಇದ್ದ ಮೂಲೆಯಲ್ಲೇ ಇರಬೇಕಿತ್ತು. ಇದು ನಕ್ಷತ್ರಗಳ ಜೊತೆಗೇ ತಿರುಗಿತ್ತು.

ನಮ್ಮ ಆಕಾಶ ವೀಕ್ಷಕರ ಸಂಘದ ದಂತವೈದ್ಯರಿಗೆ ತೋರಿಸಿದೆ. ‘ಲೆನ್ಸ್ ಒರೆಸಿದ್ದೀಯೇನಮ್ಮಾ? ನನ್ನ ಹತ್ರ ಹುಳುಕು ಅಂತ ಬರೋ ಹಲ್ಲುಗಳಲ್ಲಿ ಅರ್ಧ ಬರೀ ಕಾಫಿ ಕರೆ’ ಅಂದರು. ಆದರೂ ಪುಣ್ಯಾತ್ಮರು ವೀಕ್ಷಣಾಲಯದ ಮೇಡಂ ಒಬ್ಬರಿಗೆ ಚಿತ್ರ ಕಳಿಸಿದರು. ಮೇಡಂ ನನ್ನೊಂದಿಗೆ ತಾಳ್ಮೆಯಿಂದ ಮಾತಾಡಿದರು. ತಮ್ಮ ದೊಡ್ಡ ದೂರದರ್ಶಕ ನೋಡುವುದು ಸೂಜಿಯ ಕಣ್ಣಿನಷ್ಟೇ ಆಕಾಶವನ್ನಂತೆ, ಇಷ್ಟು ಅಗಲದ, ಇಷ್ಟು ತೆಳುವಾದದ್ದು ಅದಕ್ಕೆ ಸಿಕ್ಕುವುದಿಲ್ಲವಂತೆ. ‘ಇದಕ್ಕೆಲ್ಲ ನಿಮ್ಮಂಥವರೇ ಬೇಕು, ತಿಂಗಳುಗಟ್ಟಲೆ ಒಂದೇ ಮುಖ ನೋಡ್ತಾ ಕೂರೋರು’ ಅಂದರು. ಮದುವೆಯಾದವರಿಗೆ ಅದು ಅಭ್ಯಾಸ ಮೇಡಂ ಅಂದೆ. ನಗಲಿಲ್ಲ.

‘ಆದ್ರೆ ಈಗಲೇ ಖುಷಿಪಡಬೇಡಿ’ ಎಂದೂ ಅಂದರು. ಪಕ್ಕದ ದೊಡ್ಡ ನಕ್ಷತ್ರದ ಬೆಳಕು ಲೆನ್ಸಿನೊಳಗೇ ತಿರುಗಿ ಬಿದ್ದು ಹೀಗೆ ಸುಳ್ಳು ಮೋಡ ಮೂಡಿಸುವುದುಂಟಂತೆ, ಕ್ಯಾಮೆರಾ ಎಷ್ಟು ತಿರುಗಿಸಿದರೂ ಅದು ಹೋಗುವುದಿಲ್ಲವಂತೆ. ಬೇರೆ ಜಾತಿಯ ದೂರದರ್ಶಕದಲ್ಲಿ, ಇದೇ ಫಿಲ್ಟರ್ ಹಾಕಿ ತೆಗೆದ ಚಿತ್ರದಲ್ಲೂ ಅದೇ ಜಾಗದಲ್ಲಿ ಸಿಕ್ಕಿದರೆ ಮಾತ್ರ ನಂಬುತ್ತಾರಂತೆ. ಗ್ಯಾಲಕ್ಸಿ ಈಗ ಸೂರ್ಯನ ಬೆಳಕಿನಲ್ಲಿ ಮುಳುಗಿದೆ, ಹೊಸದಾಗಿ ತೆಗೆಯಲು ತಿಂಗಳುಗಟ್ಟಲೆ ಕಾಯಬೇಕು. ಅವರದು ವಿಜ್ಞಾನ, ದಂತವೈದ್ಯರದು ಅನುಮಾನ, ನನ್ನದು ಬರೀ ಸಾವಧಾನ. ಕನ್ನಡಿ ದೂರದರ್ಶಕ, ಇದೇ ಫಿಲ್ಟರ್, ಇದೇ ಗ್ಯಾಲಕ್ಸಿ, ಮೂರೂ ಕೂಡಿದ ಚಿತ್ರ ನನಗೆ ಗೊತ್ತಿರುವಂತೆ ಇರುವುದು ನಿಮ್ಮ ಹತ್ತಿರ ಮಾತ್ರ.

ಇನ್ನೊಂದು ಮಾತಿದೆ. ಬರೆಯಬಾರದು ಎಂದುಕೊಂಡೇ ಪೆನ್ನು ಹಿಡಿದಿದ್ದೆ.

ನನ್ನ ಅಪ್ಪನ ರಿಪೋರ್ಟನ್ನು ಡಾಕ್ಟರು ನಿಮ್ಮ ಕೈಗೆ ಕೊಟ್ಟಾಗ ನೀವು ಹೊರಗೆ ಬಂದು, ‘ಸ್ವಲ್ಪ ರಕ್ತ ಕಡಿಮೆಯಂತೆ, ಸರಿಹೋಗುತ್ತೆ ಬಿಡು’ ಅಂದಿರಿ. ನಾನು ನಂಬಿ, ಒಪ್ಪಿಕೊಂಡಿದ್ದ ಮದುವೆಯ ಫೋಟೋ ತೆಗೆಯಲು ಹೋದೆ. ಯಾರದೋ ಹೆಣ್ಣುಮಗಳನ್ನು ಅವಳ ಅಪ್ಪನ ಪಕ್ಕದಲ್ಲಿ ನಿಲ್ಲಿಸಿ ‘ಸ್ವಲ್ಪ ನಗೀಮ್ಮಾ’ ಅನ್ನುತ್ತಿದ್ದಾಗ, ನನ್ನ ಅಪ್ಪ ಹೋದರು ಎಂದು ನಿಮ್ಮ ಫೋನು ಬಂತು. ಆಮೇಲೆ ನಾನು ಅತ್ತದ್ದಕ್ಕಿಂತ ಸುಮ್ಮನಿದ್ದದ್ದೇ ಹೆಚ್ಚು. ಆ ಮೌನವನ್ನೂ ನೀವು ಒರೆಸಲು ನೋಡಿದಿರಿ, ‘ಎಲ್ಲ ಮರೀತೀಯ’ ಅಂದಿರಿ. ಮರೆಯಲಿಲ್ಲ. ನೀವು ಪೆಟ್ಟಿಗೆ ಕಟ್ಟಿದಿರಿ, ನಾನು ತಡೆಯಲಿಲ್ಲ.

ನನ್ನನ್ನು ಏಮಾರಿಸಿದಿರಿ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಮೊನ್ನೆ ಪರದೆಯ ಮುಂದೆ ನಿಂತಾಗ ಬೇರೆ ಹೊಳೆಯಿತು. ನೋಡುವವರ ಕಣ್ಣಿಗೆ ಚಂದ ಕಾಣಲಿ ಎಂದಲ್ಲದೆ ಇನ್ಯಾವ ಉದ್ದೇಶದಿಂದಲೂ ನಾನು ಆ ಮೋಡದ ಮೇಲೆ ಕೈಯಾಡಿಸಿರಲಿಲ್ಲ. ನಿಮ್ಮ ಕೈಯೂ ಅಂಥದ್ದೇ. ನನಗೆ ನೋವಾಗದಿರಲಿ ಎಂದು ಒರೆಸಿದಿರಿ. ಒರೆಸಿದ್ದರಲ್ಲಿ ಅಪ್ಪನೂ ಇದ್ದರು, ಅಷ್ಟೆ. ಸಿಟ್ಟು ಪೂರ್ತಿ ಹೋಗಿದೆ ಎಂದರೆ ಅದೂ ಫೋಟೋಗೆ ಟಚಿಂಗ್ ಮಾಡಿದಂತೆ. ಹೋಗಿಲ್ಲ, ತೆಳುವಾಗಿದೆ.

ಅದಕ್ಕೇ ಈ ಕೆಲಸ ನಿಮಗೇ ಒಪ್ಪಿಸುತ್ತಿದ್ದೇನೆ. ಚಿತ್ರಗಳನ್ನು ಮೊದಲು ನೀವೇ ಕೂಡಿಸಿ ನೋಡಿ. ಎಡಗಡೆ, ಗ್ಯಾಲಕ್ಸಿಯ ತೋಳಿನಿಂದ ಒಂದು ಗೇಣು ಆಚೆಗೆ. ಇದ್ದರೆ ಇದೆ ಎಂದು ಬರೆಯಿರಿ. ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ‘ಸ್ವಲ್ಪ ಇದ್ದ ಹಾಗಿದೆ’ ಎಂದು ನನ್ನನ್ನು ಸಮಾಧಾನ ಮಾಡಬೇಡಿ. ಮೋಡ ಸುಳ್ಳಾದರೆ ನಾನು ತಡೆದುಕೊಳ್ಳುತ್ತೇನೆ. ನೀವು ಇನ್ನೊಮ್ಮೆ ಹಾಗೆ ಮಾಡಿದರೆ ತಡೆದುಕೊಳ್ಳಲಾರೆ.

ಡಿಸ್ಕನ್ನು ಮಗಳ ಕೈಯಲ್ಲಿ ಕಳಿಸಿದರೆ ಸಾಕು. ನೀವು ಅಷ್ಟು ದೂರದಿಂದ ಬರುವ ತೊಂದರೆ ತೆಗೆದುಕೊಳ್ಳಬೇಕಿಲ್ಲ.

ಈ ಕೆಳಗಿನ ಪದ ಇನ್ನೂ ಚಾಲ್ತಿಯಲ್ಲಿದೆ ಎಂಬ ನಂಬಿಕೆಯಿಂದ,
ನಿಮ್ಮ ಮನೆಯವಳು

ತಾಜಾ ಕಲಂ: ಸೋಮವಾರ ಬೆಳಗ್ಗೆ. ಲಕೋಟೆ ಅಂಟಿಸಬೇಕು ಅನ್ನುವಷ್ಟರಲ್ಲಿ ಮೇಡಂ ಫೋನ್ ಮಾಡಿದರು. ಅವರು ಅಲ್ಲಲ್ಲಿ ವಿಚಾರಿಸಿದ್ದಕ್ಕೆ ಬೇರೆ ದೇಶದ ಬಸ್ ಚಾಲಕರೊಬ್ಬರು ತಮ್ಮ ಮನೆಯ ಹಿತ್ತಲಿನಿಂದ ತೆಗೆದ ಹಳೆಯ ಚಿತ್ರಗಳನ್ನು ಕಳಿಸಿದ್ದಾರಂತೆ. ಅವರದೂ ಕನ್ನಡಿ ದೂರದರ್ಶಕ, ಫಿಲ್ಟರ್ ಇಂಥದ್ದೇ. ಅದೇ ಜಾಗದಲ್ಲಿ, ಅದೇ ಬಾಗು. ಮೋಡ ನಿಜವಂತೆ. ಈ ಮೊದಲು ಯಾರೂ ಕಂಡದ್ದಲ್ಲವಂತೆ. ಮೇಡಂ ಈ ಸಲ ನಕ್ಕರು. ಅಂದಮೇಲೆ ನಿಮ್ಮ ಚಿತ್ರಗಳು ವಿಜ್ಞಾನಕ್ಕೆ ಇನ್ನು ಬೇಕಾಗಿಲ್ಲ. ಇದನ್ನು ನಿಮಗೆ ಹೇಳದೆ ಕಾಗದವನ್ನು ಹಾಗೆಯೇ ಅಂಚೆಗೆ ಹಾಕೋಣ ಎಂದು ಒಂದು ಗಳಿಗೆ ಅನ್ನಿಸಿತು. ಹರಿದು ಹಾಕೋಣ ಎಂದು ಇನ್ನೊಂದು ಗಳಿಗೆ. ಎರಡನ್ನೂ ಮಾಡದೆ ಈಗ ಅಂಚೆಪೆಟ್ಟಿಗೆಯ ಕಡೆ ಹೊರಟಿದ್ದೇನೆ. ಡಿಸ್ಕು ಮಗಳ ಕೈಗೆ ಕೊಡಬೇಡಿ, ಅವಳು ಎಲ್ಲಾದರೂ ಮರೆತುಬಿಡುತ್ತಾಳೆ. ನೀವೇ ತನ್ನಿ.