ಮಣ್ಣು ರಸ್ತೆಯಲ್ಲಿ ಅಪ್ಪನ ಹೋಲ್ಡನ್

ನೆವಿಲ್,

ಗ್ಯಾರೇಜು ಖಾಲಿಯಿದೆ ಎಂದು ಪೊಲೀಸರಿಗೆ ಫೋನ್ ಮಾಡಬೇಡ. ನಿನ್ನಪ್ಪನ ಹೋಲ್ಡನ್ ಕಾರನ್ನು ಚರ್ಚಿಗೆ ಒಯ್ದವಳು ನಾನೇ. ಗೋಧಿ ಕಣಜದ ಹಿಂದಿನ ಮಣ್ಣು ರಸ್ತೆಯಲ್ಲೇ ಹೋಗುತ್ತೇನೆ, ಆಮೇಲೆ ಅವರ ಸಮಾಧಿಗೆ.

ನಾಳೆ ಹಳೇ ಕಾರುಗಳ ಪ್ರದರ್ಶನದಲ್ಲಿ ನೀನು ಇದನ್ನು ಸ್ಪರ್ಧೆಗೆ ಇಡುವವನೆಂದು ಗೊತ್ತು. ಆದ್ದರಿಂದ ಕೇಳು. ನಾನು ಬಂದ ಮೇಲೆ ಮೊದಲು ಅಡಿಭಾಗದ ಮಣ್ಣು ತೊಳೆ. ಬಾಗಿಲುಗಳ ಕೆಳಗಿನ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸು, ಇಲ್ಲದಿದ್ದರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಒದ್ದೆಯಿರುವಾಗ ಹೊದಿಕೆ ಹಾಕಬೇಡ. ಇದನ್ನೆಲ್ಲ ನಿನಗೆ ಕಲಿಸಿದವರು ಅಪ್ಪ.

ತಮ್ಮ ಕಡೆಯ ವಾರದಲ್ಲಿ ಅವರು, "ಒಂದ್ಸಲ ಕೂರಿಸ್ಕೊಂಡು ಹೋಗೋ ಮಗಾ, ಕಣಜದ ತನಕ ಸಾಕು," ಎಂದರು. ನೀನು, "ಮಣ್ಣು ರಸ್ತೆ ಅಪ್ಪಾ, ಈಗ ತಾನೇ ಪಾಲಿಶ್ ಮಾಡಿದೀನಿ, ಬಹುಮಾನ ಕೈತಪ್ಪುತ್ತೆ," ಎಂದೆ.

ಫ್ರಿಜ್ಜಿನಲ್ಲಿ ನಿನ್ನೆಯ ಕುರಿಮಾಂಸವಿದೆ, ತಿನ್ನು.

ಇವತ್ತು ಪಾದ್ರಿಗಳು ಗೋಧಿ ಬೆಳೆಗಾಗಿ ಮಳೆಯ ಪ್ರಾರ್ಥನೆ ಇಟ್ಟಿದ್ದಾರೆ. ನಾನು ಎಲ್ಲರಿಗಿಂತ ಗಟ್ಟಿಯಾಗಿ ಬೇಡಿಕೊಳ್ಳುತ್ತೇನೆ. ಕಾರನ್ನು ಬಯಲಲ್ಲಿ ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದೇ ಇಡುತ್ತೇನೆ.

ಅಮ್ಮ